ಕಟ್ಟು ಹಾಕುವವನು

ದುರ್ಗಿಗುಡಿಯ ಮೂರನೇ ತಿರುವಿನಲ್ಲಿ ನನ್ನ ಅಂಗಡಿ.
ಗಾಜು ಕೊಯ್ಯುವ ಮೇಜು, ಮೊಳೆಡಬ್ಬಿ,
ಗೋಡೆ ತುಂಬ ಯಾರೂ ಒಯ್ಯದೆ ಬಿಟ್ಟ ಮುಖಗಳು.
ಲಕ್ಷ್ಮಿ, ಮದುವೆಯ ಜೋಡಿ,
ತೀರಿಕೊಂಡ ಹೆಡ್‌ಮಾಸ್ತರು,
ಯಾರೇ ಆಗಲಿ, ನೇರ ನೋಡುತ್ತಾರೆ.
ಮೂವತ್ತು ವರ್ಷದಲ್ಲಿ ಒಬ್ಬರೂ
ನನಗೆ ಬೆನ್ನು ತೋರಿಸಿದ್ದಿಲ್ಲ.

ಉಂಬ್ಳೇಬೈಲಿನ ವಾಚರ್ ಗುತ್ಯಪ್ಪ
ಗೊಬ್ಬರದ ಚೀಲದಿಂದ ಸುರಿದ, ನಲವತ್ತೊಂದು.
ಕಾಡಲ್ಲಿ ಮರಕ್ಕೆ ಬಿಗಿದ ಕ್ಯಾಮೆರಾ
ತನ್ನಷ್ಟಕ್ಕೆ ತಾನೇ ಹೊಡೆದವು.
ಚಿರತೆ ಪೂರ್ತಿ ಬಿದ್ದದ್ದು ಸಾಹೇಬರಿಗೆ,
ಅಳಿಸಿಬಿಡು ಅಂದದ್ದು ಇವನಿಗೆ.
"ಕೈ ಬರಲಿಲ್ಲ ಖಲಂದರ್ ಭಾಯ್."

ಒಂದು ಕಿವಿ.
ಮುಳ್ಳುಹಂದಿ ದಾಟಿದ ಮೇಲೂ
ನೆಟ್ಟಗಾಗದ ಹುಲ್ಲು.
ಆನೆ ಹೋಗಿ ಬಾಲ ಉಳಿದದ್ದು, ಗಾದೆಯಲ್ಲ, ಫೋಟೋ.
ಕರಡಿ ಲೆನ್ಸು ನೆಕ್ಕಿದ್ದಕ್ಕೆ
ಇಡೀ ಹಾಳೆ ಗುಲಾಬಿ ಮಬ್ಬು.
ಕಡವೆಯ ಹೊಟ್ಟೆ, ಬರೀ ಹೊಟ್ಟೆ,
ಗೋಡೆಯ ಹಾಗೆ ಅಡ್ಡ ನಿಂತಿದೆ.

ಅಳತೆ ತೆಗೆದೆ. ಹದಿನೆಂಟು, ಹನ್ನೆರಡು.
ನಾಲ್ಕು ಮೂಲೆ ಕೂಡಿಸಿ ಮೊಳೆ ಹೊಡೆದರೂ
ಒಳಗಿರಬೇಕಾದದ್ದು ಹೊರಗೇ ಉಳಿಯಿತು.

ನೌಕರರ ಭವನದಲ್ಲಿ ಎರಡು ದಿನ ಪ್ರದರ್ಶನ.
"ಪ್ರಾಣಿ ಎಲ್ಲಯ್ಯಾ ಇದರಲ್ಲಿ?" ರೇಂಜರ್ ಕೇಳಿದರು.
"ಈಗಷ್ಟೇ ಹೋಯ್ತು ಸಾರ್."
ಗುತ್ಯಪ್ಪ ಬಾಗಿಲ ಕಡೆ ಕೈ ತೋರಿಸಿದ.
ಅವರು ತಿರುಗಿ ನೋಡಿಯೂ ಬಿಟ್ಟರು!

ಹದಿನೇಳನೆಯದನ್ನು ನಾನು
ತಲೆಕೆಳಗು ಮಾಡಿ ಕಟ್ಟಿದ್ದೆ.
ಹೇಳೋಣವೆಂದರೆ ಅದರ ಮುಂದೆಯೇ ಜನ.
ಗಡ್ಡದವರೊಬ್ಬರು "ಎಂಥಾ ದೃಷ್ಟಿಕೋನ" ಅಂದರು.
ನಾನು ಚಹಾ ಕುಡಿಯಲು ಹೊರಗೆ ಹೋದೆ.
ಮರಳಿದಾಗ, ಕತ್ತಲೆಯಷ್ಟೇ ಬಿದ್ದಿದ್ದ ಒಂದರ ಗಾಜಿನಲ್ಲಿ
ಟೀಚರೊಬ್ಬರು ಹಣೆಯ ಬೊಟ್ಟು ಸರಿಮಾಡಿಕೊಳ್ಳುತ್ತಿದ್ದರು.

ಬಾಕಿ ದುಡ್ಡಿಗೆ ಬದಲು ಒಂದನ್ನು ನನಗೇ ಬಿಟ್ಟ.
ಕಾಟಿಯದು. ಚಳಿಯ ನಸುಕು.
ಹತ್ತಿರ ಬಂದು ಮೂಸಿದೆ;
ಲೆನ್ಸಿನ ಮೇಲೆ ಬಿಳಿ ಆವಿ, ಅಷ್ಟೆ.
ಲಕ್ಷ್ಮಿಗೂ ಹೆಡ್‌ಮಾಸ್ತರಿಗೂ ನಡುವೆ ತೂಗುಹಾಕಿದೆ.

ಏಳು ತಿಂಗಳ ಮೇಲೆ, ಮೊನ್ನೆ,
ಹೆಡ್‌ಮಾಸ್ತರ ಹೆಂಡತಿ ಬಂದರು.
"ಇದೇನಿದು, ಹೊಗೆಯೆ?"
"ಅಲ್ಲಮ್ಮ, ಕಾಟಿ. ಮುಖ ಬಿದ್ದಿಲ್ಲ, ಉಸಿರು ಬಿದ್ದಿದೆ."

ಪೇಪರಿನಲ್ಲಿ ಸುತ್ತಿಕೊಟ್ಟ ಗಂಡನನ್ನು
ಕಂಕುಳಲ್ಲಿ ಭದ್ರಮಾಡಿಕೊಂಡು
ಅದರೆದುರೇ ನಿಂತರು, ತುಂಬಾ ಹೊತ್ತು.
"ನಮ್ಮವರದ್ದು ಮುಖ ಮಾತ್ರ ಬಂತು ನೋಡಿ."

ಮೂವತ್ತು ರೂಪಾಯಿ ಚಿಲ್ಲರೆ ಕೊಡಬೇಕಿತ್ತು, ಮರೆತೆ.
ಬಸ್ ಸ್ಟ್ಯಾಂಡಿನ ತನಕ ಓಡಿದೆ.
ತೀರ್ಥಹಳ್ಳಿ ಬಸ್ಸಿನ ಬಾಗಿಲಲ್ಲಿ, ಆ ನೂಕುನುಗ್ಗಲಲ್ಲಿ,
ನನ್ನ ಕಣ್ಣಿಗೆ ಸಿಕ್ಕಿದ್ದು
ಸೀರೆಯ ಅಂಚೊಂದೇ.