ನೀರು ನೋಡುವುದು

ನಮ್ಮ ಮಾತಿನಲ್ಲಿ ಸೊಯ್ ಅಂದರೆ ನೀರು.
ದುಡ್ಡೂ ಹೌದು.
ನೂರರ ನೋಟಿಗೆ ‘ಒಂದು ಗಡ್ಡೆ ನೀರು’ ಅನ್ನುತ್ತೇವೆ.
ನೀರು ಎಲ್ಲಾದರೂ ಗಡ್ಡೆ ಕಟ್ಟೀತೇ ಎಂದು
ಶಾಮ್ ಶುಯಿ ಪೋದ ಬೀದಿಯಲ್ಲಿ ಯಾರೂ ಕೇಳಿದವರಿಲ್ಲ.

ಅಮ್ಮನದು ಮೀನುಂಡೆಯ ಗಾಡಿ, ಪರವಾನಗಿ ಇಲ್ಲದ್ದು.
ನನಗೆ ವಹಿಸಿದ ಕೆಲಸ ‘ನೀರು ನೋಡುವುದು’:
ಔಷಧಿ ಅಂಗಡಿಯ ತಿರುವಿನಲ್ಲಿ ನಿಂತು
ಖಾಕಿ ಅಂಗಿ ಕಂಡರೆ ಕೂಗಬೇಕು.
ನನಗಿದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ.
ಏಳು ವರ್ಷದವಳು, ಮೊದಲ ಸಂಜೆಯೆಲ್ಲ
ಮೋರಿಯನ್ನೇ ನೋಡುತ್ತ ನಿಂತೆ, ಬಹಳ ನಿಷ್ಠೆಯಿಂದ,
ಏರೀತು, ಈಗ ಏರೀತು ಎಂದು.

ಗಾಡಿ ಹೋಯಿತು. ಒಲೆ, ಬಾಣಲೆ, ಬಿದಿರಕಡ್ಡಿಯ ಕಟ್ಟು
ಎಲ್ಲ ಸರಕಾರದ ಲಾರಿಗೆ.
ಅಮ್ಮ ಹೊಡೆಯಲಿಲ್ಲ. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡು
‘ಒಂದೂವರೆ ಗಡ್ಡೆ’ ಅಂದಳು, ಅಷ್ಟೆ.

ಅವಳು ಅರವತ್ತಮೂರರ ಬರ ಕಂಡವಳು.
ನಾಲ್ಕು ದಿನಕ್ಕೊಮ್ಮೆ ನಾಲ್ಕು ಗಂಟೆ ನಲ್ಲಿ,
ಹೆಗಲಿಗೆ ದಬ್ಬೆ, ಎರಡು ಸೀಮೆಎಣ್ಣೆ ಡಬ್ಬ, ಆರು ಮಹಡಿ.
ಅಕ್ಕಿ ತೊಳೆದದ್ದರಲ್ಲಿ ಮುಖ,
ಮುಖ ತೊಳೆದದ್ದರಲ್ಲಿ ನೆಲ.
ಆ ವರ್ಷ ದುಡ್ಡನ್ನು ಯಾರೂ ನೀರೆನ್ನಲಿಲ್ಲವಂತೆ,
ದುಡ್ಡೆಂದೇ ಅಂದರಂತೆ.
ನಿಜವೋ ಏನೋ. ಹರಟೆಗೂ ನಮ್ಮಲ್ಲಿ ‘ನೀರೂದುವುದು’ ಎನ್ನುತ್ತಾರೆ,
ಅಮ್ಮ ಅದರಲ್ಲೂ ಗಟ್ಟಿಗಿತ್ತಿ.

ಏಳನೇ ವಾರ್ಡು. ಕಿಟಕಿ ಪಕ್ಕದ ಮಂಚ.
ತಲೆಯ ಮೇಲೆ ಹಳದಿ ಚೀಟಿ: ಬಾಯಿಗೆ ಏನೂ ಕೊಡಬಾರದು.
ಮೂರು ದಿನ ಮಾತಿಲ್ಲ.
ನಾಲ್ಕನೆಯ ದಿನ ಒಣಗಿದ ತುಟಿ ಬಿಡಿಸಿಕೊಂಡು
‘ಸೊಯ್’ ಅಂದಳು.
ತಮ್ಮ ಕಾಮ್-ಫೈ ಕಿವಿಯ ಹತ್ತಿರ ಬಗ್ಗಿ
‘ಕಟ್ಟಾಯಿತಮ್ಮ, ಬಾಡಿಗೆ, ಇಲ್ಲಿಯದು, ಎಲ್ಲ’ ಅಂದ;
ಅಂದವನು ಜೇಬು ಮುಟ್ಟಿ ನೋಡಿಕೊಂಡ.
ಅವಳು ಮತ್ತೊಮ್ಮೆ ಅಂದಳು, ಅದೇ ಪದ.

ನರ್ಸ್ ಬಂದು ಸ್ಪಂಜಿನ ಕಡ್ಡಿ ಅದ್ದಿ ತುಟಿಗೆ ಒತ್ತಿದಳು.
ಅಮ್ಮ ಕಡ್ಡಿ ಕಚ್ಚಿ ಹಿಡಿದು ಬಿಡಲೊಲ್ಲಳು.
ಕಡ್ಡಿ ಬಿಡಿಸಿಕೊಂಡು ನರ್ಸ್ ಹೋದ ಮೇಲೆ
ನಾವಿಬ್ಬರೂ ಸ್ವಲ್ಪ ಹೊತ್ತು ಫ್ಲಾಸ್ಕನ್ನೇ ನೋಡಿದೆವು.
ಆಮೇಲೆ ಅವನು ಚಮಚ ಹುಡುಕಿದ.

ನಾನು ಎದ್ದು ಹೋಗಿ ನಿಂತೆ
ಕಾರಿಡಾರು ತಿರುಗುವಲ್ಲಿ, ಗೋಡೆಗೆ ಭುಜ ಕೊಟ್ಟು.
ಬಿಳಿ ಅಂಗಿ ಕಂಡರೆ ಕೂಗಬೇಕು.
ಈ ಸಲ ಮೋರಿ ನೋಡಲಿಲ್ಲ.

ಹಿಂದೆ, ಹಾಸಿಗೆಯ ಕಡೆಯಿಂದ,
ಗುಟುಕು ಇಳಿದ ಸದ್ದು.
ಇನ್ನೊಂದು.