ರಾತ್ರಿಪಾಳಿಯವರು

ಬಸ್ಸಿನ ಕೊನೆಯ ಮೆಟ್ಟಿಲು ಕಾಲಿಗೆ ಸಿಗದೆ
ಮೂಳೆ ಮುರಿದದ್ದು ಫೆಬ್ರವರಿ ಎಂಟಕ್ಕೆ.
ಪಂತನಗರದ ಎರಡನೇ ಮಹಡಿ, ಕಿಟಕಿಗೊತ್ತಿ ಮಂಚ,
ಎದುರಿಗೆ ಡಿಪೋ ಗೋಡೆಯ ಬೂರುಗ.
ಹದಿನೇಳು ವರ್ಷದ ನೆರೆ;
ಮುಖ ನೋಡಿದ್ದು ಇದೇ ಮೊದಲು.

ಎಲೆಯೆಂಬುದು ಒಂದೂ ಇಲ್ಲ.
ಬೋಳು ಕೊಂಬೆಯ ತುಂಬ ಬುಗುರಿಯಂಥ ಮೊಗ್ಗು.
ಹಾಲಿನ ಲೆಕ್ಕದ ಪುಸ್ತಕ ತಿರುವಿ ಹಾಕಿ
ಹಿಂದಿನ ಪುಟದಿಂದ ಬರೆಯತೊಡಗಿದೆ.

ಹದಿಮೂರು: ಮೊದಲ ಹೂವು. ಕೆಂಪು, ತೊಗಲಿನಷ್ಟು ದಪ್ಪ.
ಹದಿನಾರು: ಕಾಗೆ ಕತ್ತಿನವರೆಗೆ ಮುಳುಗಿ ಕುಡಿದು
ಕರೆಯದ ಊಟಕ್ಕೆ ಬಂದವರ ಹಾಗೆ ಅತ್ತಿತ್ತ ನೋಡಿತು.
ಇಪ್ಪತ್ತೊಂದು: ಗುಲಾಬಿ ಕಬ್ಬಕ್ಕಿ, ನಲವತ್ತೋ ಅರವತ್ತೋ,
ಜಗಳವಾಡುತ್ತಲೇ ಎಣಿಕೆ ಕೆಡಿಸಿದವು.
ಸೂರಕ್ಕಿ ಒಂದು. ಅಳಿಲು ಎರಡು,
ಅಥವಾ ಒಂದೇ ಅಳಿಲು, ಎರಡು ಸಲ.

ಕೆಳಗೆ ಗುಡಿಸುವವಳು ಪಾಲಿಕೆಯ ಹೌಸಾಬಾಯಿ,
ಜತ್ತದ ಕಡೆಯವಳು, ಗಡಿಯ ಕನ್ನಡ.
ಕೂಗಿ ಹೇಳಿದೆ: ಇವತ್ತು ಅರವತ್ತು ಹಕ್ಕಿ!
ಪೊರಕೆ ಗೋಡೆಗೆ ಆನಿಸಿ
ಕಚ್ಚಿದ ಹೂವೊಂದನ್ನು ಎತ್ತಿ ಹಿಡಿದಳು.
"ಹಗಲಿಂದಷ್ಟ ಬರೀತೀರಿ ಬಾಯಾರ.
ರಾತ್ರಿಪಾಳಿಯವ್ರು ಬಂದು ಹೋಗ್ಯಾರ, ನೋಡ್ರಿ ಹಲ್ಲು.
ನಿನ್ನಿ ಮೂರು ಬುಟ್ಟಿ. ಇವತ್ತ ಐದು."

ಆ ರಾತ್ರಿ ದೀಪ ಆರಿಸಿ ಕೂತೆ.
ಕೊನೆಯ ಬಸ್ಸು ಒಳಬಂದು ಕೆಮ್ಮಿ ಸುಮ್ಮನಾದ ಮೇಲೆ
ಕತ್ತಲಿನದೇ ಒಂದು ತುಂಡು ಬಿಚ್ಚಿಕೊಂಡು
ಕೊಂಬೆಗೆ ಜೋತಿತು. ಇನ್ನೊಂದು. ಮತ್ತೆ ಒಂದು.
ಬಸ್ಸಿನ ತಗಡಿನ ಮೇಲೆ ಹೂವು ಬಿದ್ದ ಸದ್ದು,
ಧಪ್ಪೆಂದು, ಬೆಳಗಿನ ಜಾವದ ತನಕ.
ಐದೂವರೆಗೆ ಹೂ ಹೊತ್ತುಕೊಂಡೇ
ಕುರ್ಲಾಕ್ಕೆ ಹೊರಟಿತು ಬಸ್ಸು.
ಪುಸ್ತಕದಲ್ಲಿ ಬರೆಯಲು ಅಂಕಿ ಸಿಗಲಿಲ್ಲ.

ಮಾರ್ಚ್ ಮುಗಿಯಿತು. ಕಬ್ಬಕ್ಕಿಗಳು ಹೇಳದೆ ಹೋದವು.
ಹೌಸಾಬಾಯಿ ನಾಲ್ಕು ದಿನ ಬರಲಿಲ್ಲ; ಅದನ್ನೂ ಬರೆದೆ.
ಹೂವಿದ್ದಲ್ಲಿ ಕಾಯಿ. ಬೋಳಿದ್ದಲ್ಲಿ
ಮಡಚಿದ ಅಂಗೈ ಬಿಡಿಸಿದ ಹಾಗೆ ಎಲೆ.

ಏಪ್ರಿಲ್ ಹತ್ತೊಂಬತ್ತಕ್ಕೆ ಪ್ಲಾಸ್ಟರ್ ಕೊಯ್ದರು.
ಒಳಗಿಂದ ಹಳಸಿದ ಹತ್ತಿ ಬಂತು, ಆಮೇಲೆ
ನನ್ನದೆಂದು ನಂಬಲಾಗದ ಒಂದು ಕಾಲು,
ತೊಗಟೆ ಸುಲಿಯುತ್ತಿದ್ದದ್ದು.

ಕೋಲೂರಿ ಮರದ ಬುಡದವರೆಗೆ ನಡೆದೆ.
ಇಷ್ಟು ಮುಳ್ಳೇ! ಮೇಲಿನಿಂದ ಕಂಡಿರಲೇ ಇಲ್ಲ.
ಕಾಯಿ ಒಡೆದಿತ್ತು. ಅರಳೆ ಡಿಪೋ ದಾಟಿ,
ಸಿಗ್ನಲ್ಲಿಗೂ ನಿಲ್ಲದೆ ಹೊರಟಿತ್ತು.
ಹೌಸಾಬಾಯಿ ಸಿಡಿಮಿಡಿ.
"ಹ್ಯಾಂಗ ಗುಡಿಸೂದ್ರಿ ಇದನ್ನ,
ಕಸಬರಿಗಿ ಎತ್ತಿದ್ರ ಹಾರತೈತಿ."

ಎಷ್ಟು ಬುಟ್ಟಿ, ಎಂದು ಕೇಳಿದೆ.
ಅವಳ ಹುಬ್ಬಿನ ಮೇಲೊಂದು ಎಳೆ ಕೂತಿತ್ತು.
ಒರೆಸಿಕೊಳ್ಳಲಿಲ್ಲ.
"ಬುಟ್ಯಾಗ ನಿಂದ್ರೂದಲ್ಲ ಬಿಡ್ರಿ ಇದು" ಅಂದಳು,
ನನ್ನ ಕಾಲನ್ನೇ ನೋಡುತ್ತ.