ಎಡಬಾಜೂ

ಹದಿನಾಲ್ಕರ ವಯಸ್ಸಿಗೆ ನಾ ಮಶಾಕಸಾಬನ ಲಾರಿಗೆ
ಎಡಬಾಜೂ ಕಣ್ಣಾಗಿದ್ದೆ.
ಶಹಾಬಾದಿನ ಫರಸಿ ಹೇರಿ ನಡುರಾತ್ರಿ ಹೊರಟರ
ಬಾಗಿಲಿಗೆ ಒಂದು ಬಡಿತ: ನಿಂದ್ರು.
ಎರಡು ಬಡಿತ: ಹೊಂಡು.
ಹಿಂದಕ್ಕ ತಗೊಳೂ ಮುಂದ ಬರ್ಲಿ, ಬರ್ಲಿ,
ಗ್ವಾಡಿಗೆ ಗೇಣು ಉಳಿಯೂತನಾ ಬರ್ಲಿ.

ಈಗ ಡಾಕ್ಟರಬಾಯಿಯ ಹೊಸ ಗಾಡಿ ಹೊಡೀತೀನಿ.
ಎಡಕ್ಕ ಯಾರೂ ಇಲ್ಲ.
ಕಾಚಿನ ಹಿಂದ ಕಡ್ಲಿಬ್ಯಾಳಿಯಷ್ಟು ಒಂದು ಕಣ್ಣು.
ಶೋರೂಮಿನ ಹುಡುಗ ಅಂದಿದ್ದ:
"ಕಾಕಾ, ಗೆರಿ ದಾಟಿದರ ಅದೇ ಒಳಗ ಎಳಕೋತದ."
ಗೆರಿ ಎಲ್ಲದನೋ ತಮ್ಮಾ,
ಕಮಲಾಪುರ ದಾಟಿದ ಮ್ಯಾಲ?
ಅರ್ಧ ಅಳಿಸ್ಯಾದ, ಅರ್ಧ ಡಾಂಬರಿನ ತ್ಯಾಪಿ,
ಉಳಿದದ್ದರ ಮ್ಯಾಲ ಯಾರೋ ತೊಗರಿ ಹರವ್ಯಾರ.
ತ್ಯಾಪಿಯ ಅಂಚನ್ನೇ ಗೆರಿ ಅಂತ ತಿಳಿದು
ಸ್ಟೇರಿಂಗ್ ಮೆತ್ತಗ ಜಗ್ಗತದ,
ಕೂಸು ಸೆರಗು ಜಗ್ಗಿದಂಗ.

ಹಾರೂ ಪ್ಲಾಸ್ಟಿಕ್ ಚೀಲಕ್ಕ ಚೀರೂ ಗಾಡಿ
ಹುಮನಾಬಾದ ರೋಡಿನಾಗ ಆ ರಾತ್ರಿ
ಕಬ್ಬಿನ ಟ್ರ್ಯಾಲಿ ನಿಂತಿತ್ತು, ಹಿಂದ ದೀಪಿಲ್ಲ, ಮಿಂಚೂ ಪಟ್ಟಿಲ್ಲ,
ಚೀರಲಿಲ್ಲ.
ನನಗೂ ಕಾಣಲಿಲ್ಲ, ಖರೆ ಹೇಳ್ತೀನಿ.
ಕಿಟಕಿ ನಾಕು ಬಟ್ಟು ಇಳಿಸಿದ್ದೆ.
ಕಡಿದ ಕಬ್ಬಿನ ಹಸಿ ವಾಸನಿ ಬಂತು,
ಕಾಲು ತಾನೇ ಬ್ರೇಕಿಗೆ ಹೋಯ್ತು.
ಬಾನೆಟ್ಟಿನ ಮ್ಯಾಲ ಎರಡು ರವದಿ ಉದುರಿದವು.
ಆಮ್ಯಾಲ ಚೀರಿತು.

ಚಾದಂಗಡ್ಯಾಗ ಇದನ್ನ ಹೇಳಿ ಮೀಸಿ ತಿರುವಬಹುದಿತ್ತು.
ಹೇಳಿಲ್ಲ.
ಯಾಕಂದ್ರ ಜೇವರ್ಗಿ ಕ್ರಾಸಿನ ಮುಂದ ಒಮ್ಮೆ
ಮುಂಜಾನಿ ನಾಕಕ್ಕ ನನ್ನ ರೆಪ್ಪಿ ಕೂಡಿದ್ದವು.
ಎದುರಿಗೆ ಕೆಟ್ಟು ನಿಂತ ಟ್ಯಾಂಕರು.
ಗಾಡಿ ತಾನೇ ನಿಂತಿತು.
ಹಿಂದಿನ ಸೀಟಿನಿಂದ "ಏನಾತು ಭೀಮಶ್ಯಾ?"
"ನಾಯಿ ಅಡ್ಡ ಬಂತ್ರಿ" ಅಂದೆ.

ನಾನೂ ಕಣ್ಣಾಗಿದ್ದಾಗ ಮುಚ್ಚಿದ್ದೆ, ವಾಡಿ ಹತ್ರ.
ಲಾರಿ ಜೋಳದ ಹೊಲಕ್ಕ ಇಳಿದು, ಫರಸಿ ಒಡೆದು ಚೂರುಚೂರು.
ಮಶಾಕಸಾಬ ಹೊಡೀಲಿಲ್ಲ. ಬೀಡಿ ಹಚ್ಚಿದ.
"ನೀ ಎಚ್ಚರಿದ್ದೀ ಅಂತ ನಾ ಮಲಗಿದೆ,
ನಾ ಎಚ್ಚರಿದ್ದೀನಿ ಅಂತ ನೀ ಮಲಗಿದಿ" ಅಂದು
ಬಹಳ ಹೊತ್ತು ಕೆಮ್ಮಿದ.

ಈಗ ಹೊಂಡೂ ಮುಂದ
ಆ ಬ್ಯಾಳಿಗಣ್ಣಿನ ಮುಂದಿನ ಕಾಚು ವಲ್ಲಿಲೇ ಒರಸ್ತೀನಿ,
ನನ್ನ ಕಣ್ಣಿಗೆ ತಣ್ಣೀರು ಹೊಡಕೋತೀನಿ.
ಕಿಟಕಿ ನಾಕು ಬಟ್ಟು ಇಳಿಸ್ತೀನಿ.
ಏಸಿ ಎಲ್ಲಾ ಹೊರಗ ಹೊಂಟದ ಅಂತ ಬಾಯಿ ಬೈತಾರ.
ಬೈಲಿ.